ಪಾಲಿಕೆಯ ಕಾಗದದಲ್ಲಿ ಹುಟ್ಟಿದ ತಂಗಿ

ಪಾತ್ರೆ ವ್ಯಾಪಾರಿಗೆ ಒಂದು ಚಾಳಿ ಇರುತ್ತದೆ. ಎದುರಿಗೆ ಯಾರು ನಿಂತರೂ ಬೆರಳ ಗಂಟಿನಿಂದ ತಟ್ಟಿ ನಾದ ಕೇಳಿದವನ ಹಾಗೆ ಅಂದಾಜು ಕಟ್ಟುತ್ತಾನೆ. ರಾಯಚೂರಿನ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಐದು ವರ್ಷದಿಂದ ಇರುವ ಹುಲಗೆಮ್ಮನನ್ನು ನಾನು ತೆಳು ತಳದ ಸ್ಟೀಲು ಎಂದು ಎಣಿಸಿದ್ದೆ. ದೇವದುರ್ಗದ ಕಡೆ ಜಾಲಹಳ್ಳಿಯವಳು. ಗಂಡ ಯಮನೂರಪ್ಪ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲ. ಇವಳು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಸ್ವಲ್ಪ ಕಾಯಿಸಿದರೆ ಬಾಗುವ ಮಾಲು ಎಂದುಕೊಂಡು ಅವತ್ತು ಬೆಳಿಗ್ಗೆ ಅವಳ ನಲ್ಲಿಯ ವಾಲ್ವು ಬಂದ್ ಮಾಡಿ ಬಂದಿದ್ದೆ. ಐದೇ ನಿಮಿಷದಲ್ಲಿ ಖಾಲಿ ಕೊಡ ಹಿಡಿದು ನನ್ನ ಅಂಗಳದಲ್ಲಿ ನಿಂತಳು. ಕಟ್ಟೆಯ ಮೇಲೆ ನನ್ನ ವಕೀಲ ಜಹೀರುದ್ದೀನ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಮನೆ ಖಾಲಿ ಮಾಡುವ ನೋಟಿಸು ಬರೆಯಲೆಂದೇ ಅವರನ್ನು ಕರೆಸಿದ್ದೆ.

ಹುಲಗೆಮ್ಮ: ನೀರು ಬಿಡ್ರಿ ಸಾವ್ಕಾರ್ರ. ಹಿಟ್ಟು ಹಂಗ ಕುಂತದ. ಪೋತ್ನಾಳದ ಖಾನಾವಳಿಗೆ ಇನ್ನೂರು ರೊಟ್ಟಿ ಹತ್ತರ ಬಸ್ಸಿಗೆ ಹೋಗಬೇಕು.

ನಾನು: ನೀರಿನ ಮಾತು ಬ್ಯಾಡವ್ವ. ಮನಿ ಖಾಲಿ ಮಾಡು ಅಂತ ಹೇಳಾಕತ್ತೀನಿ. ಮದುವಿ ಸೀಜನ್ ಬಂತು, ಮಾಲು ಇಡಾಕ ಜಾಗಾ ಇಲ್ಲ.

ಹುಲಗೆಮ್ಮ: ನಿಮ್ಮ ಮಾಲು ಮಂದಿ ಮನ್ಯಾಗ ಯಾಕ ಇಡ್ತೀರಿ?

ನಾನು: ಮಂದಿ ಮನಿ ಅಲ್ಲ, ನನ್ನ ಮನಿ.

ಹುಲಗೆಮ್ಮ: ಹೋದ ವರ್ಷ ಮಾಳಿಗಿ ಸೋರಿದಾಗ ‘ಇರೋರು ನೀವು, ನೀವ ನೋಡ್ಕೊಳ್ರಿ’ ಅಂದ್ರಲ್ಲ. ಅವತ್ತು ಯಾರ ಮನಿ ಇತ್ತು?

ನಾನು: ಊರಾಗ ಬೇರೆ ಮನಿ ಇಲ್ಲೇನು?

ಹುಲಗೆಮ್ಮ: ಮನಿ ಅದಾವ್ರಿ. ಗಿರಾಕಿ ಎಲ್ಲಿಂದ ತರ್ಲಿ? ಐದು ವರ್ಷ ರೊಟ್ಟಿ ಬಡಿದು ಈ ಗಲ್ಲಿಗೆ ರುಚಿ ಹಿಡಿಸೀನಿ. ಗಿರಾಕಿನ ಗಂಟು ಕಟ್ಕೊಂಡು ಹೋಗಾಕ ಬರ್ತದೇನು? ನೀವು ವ್ಯಾಪಾರಸ್ತರು, ನಿಮಗ ನಾ ಹೇಳಬೇಕೇನು?

ಹೇಳಬೇಕಾಗಿರಲಿಲ್ಲ. ಅದಕ್ಕೇ ನಾನು ವಕೀಲರ ಕಡೆ ತಿರುಗಿದೆ.

ವಕೀಲರು: ಮೊದ್ಲು ವಾಲ್ವು ತಿರುವಿ ಬರ್ರಿ ಸಾವ್ಕಾರ್ರ. ಬಾಡಿಗಿದಾರರ ನೀರು ಬಂದ್ ಮಾಡಂಗಿಲ್ಲ, ಕರೆಂಟು ಕೀಳಂಗಿಲ್ಲ. ರಿಪೇರಿ ಅಂತ ಬಾಗಲಾ ಬಿಚ್ಚಿ ಒಯ್ಯಂಗಿಲ್ಲ. ಗೋದಾಮು ಬೇಕಾಗಿದ್ರ ನೋಟಿಸ್ ಕೊಟ್ಟು, ಕೋರ್ಟಿನ್ಯಾಗ ಕಾರಣ ತೋರಿಸಿ ಆರ್ಡರ್ ತರಬೇಕು.

ನಾನು: ಅದೆಲ್ಲ ಬಾಡಿಗಿದಾರರಿಗೆ. ಈಕಿ ಬಾಡಿಗಿದಾರಳು ಅಂತ ಎಲ್ಲದ? ಕರಾರು ಪತ್ರ ಇಲ್ಲ. ಐದು ವರ್ಷದಾಗ ಒಂದು ರಸೀದಿ ಕೊಟ್ಟಿಲ್ಲ ನಾ.

ರಸೀದಿ ಕೊಡದಿರುವುದನ್ನು ನಾನು ನನ್ನ ಜಾಣತನದ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ. ವಕೀಲರು ಬಟ್ಟಲು ಕೆಳಗಿಟ್ಟರು.

ವಕೀಲರು: ಬಾಡಿಗಿದಾರಳು ಅಲ್ಲ?

ನಾನು: ಅಲ್ಲ.

ವಕೀಲರು: ಮತ್ತ ಯಾರು?

ಹುಲಗೆಮ್ಮ: ನಾ ಹೇಳ್ತೀನಿ ವಕೀಲ ಸಾಬ್ರ. ತಂಗಿ.

ವಕೀಲರು: ಯಾರ ತಂಗಿ?

ಹುಲಗೆಮ್ಮ: ಇವರ ತಂಗಿ. ಒಡಹುಟ್ಟಿದಾಕಿ.

ಖಾಲಿ ಕೊಡದೊಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು. ಅದರಲ್ಲಿ ಮಡಚಿದ ಕಾಗದ. ಮೂರು ವರ್ಷದ ಹಿಂದೆ ಪಾಲಿಕೆಯವರು ಮನೆ ಅಳೆಯಲು ಬಂದಿದ್ದರು. ಬಾಡಿಗೆಗೆ ಕೊಟ್ಟ ಭಾಗಕ್ಕೆ ತೆರಿಗೆ ಹೆಚ್ಚು ಬೀಳುತ್ತದೆಂದು ತಿಳಿದು ನಾನೊಂದು ಹೇಳಿಕೆ ಬರೆದುಕೊಟ್ಟಿದ್ದೆ. ಅದರ ಪ್ರತಿಯನ್ನು ಅವರು ಹಿಂಬದಿಯಲ್ಲಿದ್ದ ಹುಲಗೆಮ್ಮನ ಕೈಗೆ ಕೊಟ್ಟು ಹೋಗಿದ್ದಾರೆಂಬುದು ನನಗೆ ಈಗ ಗೊತ್ತಾಯಿತು.

ವಕೀಲರು (ಓದುತ್ತ): ‘ಹಿಂಬದಿಯ ಎರಡು ಕೋಣೆಗಳಲ್ಲಿ ಬಾಡಿಗೆದಾರರು ಇರುವುದಿಲ್ಲ. ನನ್ನ ಒಡಹುಟ್ಟಿದ ತಂಗಿ ಹುಲಗೆಮ್ಮ, ತಂದೆ ದಿವಂಗತ ಶರಣಪ್ಪ, ವಾಸವಾಗಿರುತ್ತಾಳೆ. ಸಹಿ, ಪ್ರಭುರಾಜ.’ ಸಹಿ ನಿಮ್ಮದ ಅದ.

ನಾನು: ಅದು ಟ್ಯಾಕ್ಸು ಉಳಿಸಾಕ ಬರ್ದದ್ದು. ಶರಣಪ್ಪ ನಮ್ಮಪ್ಪನ ಹೆಸರು.

ಹುಲಗೆಮ್ಮ: ನಮ್ಮಪ್ಪ ಜಾಲಹಳ್ಳ್ಯಾಗ ಕುರಿ ಕಾಯ್ಕೊಂತ ಗಟ್ಟಿಮುಟ್ಟಿ ಅದಾನ್ರಿ. ಇಲ್ಲಿ ದಿವಂಗತ ಅಂತ ಬರ್ದಾರ. ನೊಂದ್ಕೊಂತಾನಂತ ಮೂರು ವರ್ಷ ಆತಗ ಹೇಳಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಲಲಿತಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

ಲಲಿತಾ: ಯಾರು ತಂಗಿ?

ನಾನು: ಏನಿಲ್ಲ, ನೀ ಒಳಗ ನಡಿ.

ಲಲಿತಾ: ಮಾವಾರು ವಾರವಾರ ಜಾಲಹಳ್ಳಿ ಸಂತಿಗೆ ಯಾಕ ಹೋಗ್ತಿದ್ರು ಅಂತ ಈಗ ತಿಳೀತು ಬಿಡ್ರಿ.

ನಾನು: ಪಾತ್ರಿ ಮಾರಾಕ ಹೋಗ್ತಿದ್ದ ನಮ್ಮಪ್ಪ.

ಲಲಿತಾ: ಒಯ್ದ ಪಾತ್ರಿ ಒಯ್ದಂಗ ವಾಪಸ್ ಬರ್ತಿದ್ವು ಅಂತ ಅತ್ತಿಯವರು ಹೇಳ್ತಿದ್ರು.

ನಾನು: ಅಲ್ಲಿ ವ್ಯಾಪಾರ ಆಗ್ತಿರಲಿಲ್ಲ.

ಲಲಿತಾ: ವ್ಯಾಪಾರ ಆಗದ ಸಂತಿಗೆ ಹನ್ನೆರಡು ವರ್ಷ ಯಾರು ಹೋಗ್ತಾರ? ನೀವು ಹೋಗ್ತೀರೇನು?

ವ್ಯಾಪಾರಿಯಾಗಿ ನಾನೂ ಮನಸ್ಸಿನಲ್ಲೇ ಆ ಹನ್ನೆರಡು ವರ್ಷದ ಬಸ್ ಚಾರ್ಜು ಕೂಡಿಸತೊಡಗಿದೆ.

ಹುಲಗೆಮ್ಮ: ತಪ್ಪು ತಿಳ್ಕೋಬ್ಯಾಡ್ರಿ ವೈನಿ. ನಮ್ಮವ್ವ ಅಂಥಾಕಿ ಅಲ್ಲ.

ಲಲಿತಾ: ಕೇಳಿದ್ರೇನು? ಅಣ್ಣನ ಹೆಂಡ್ತಿಗೆ ಅಂದಂಗ ವೈನಿ ಅಂದ್ಳು.

ವಕೀಲರು: ಸಾವ್ಕಾರ್ರ, ಈ ಮನಿ ನೀವು ಕಟ್ಟಿಸಿದ್ದೋ, ಹಿರೇರದೋ?

ನಾನು: ಹಿರೇರದು. ನಮ್ಮ ಮುತ್ತ್ಯಾ ಹಾಕಿದ ಬುನಾದಿ.

ವಕೀಲರು: ಹಂಗಾದ್ರ ಮಗಳಿಗೂ ಸಮಪಾಲು. ಎರಡು ಕೋಣಿ ಅಲ್ಲ, ಅರ್ಧ ಮನಿ.

ನಾನು: ನೀವು ಯಾರ ಕಡಿ ವಕೀಲ್ರು?

ವಕೀಲರು: ನಿಮ್ಮ ಕಡಿ. ಅದಕ್ಕ ಮೊದ್ಲ ಹೆದರಿಸಾಕತ್ತೀನಿ. ಆಕಿ ಕಡಿಯವ ಆಗಿದ್ರ ಸುಮ್ಮನಿರ್ತಿದ್ದೆ.

ಹುಲಗೆಮ್ಮ: ಅರ್ಧ ಅಂದ್ರ ಮುಂದಿಂದೋ, ಹಿಂದಿಂದೋ? ಮುಂದಿಂದು ಆದ್ರ ರೊಟ್ಟಿ ಅಂಗಡಿ ರಸ್ತಾಕ್ಕ ಬರ್ತದ.

ನಾನು: ಆಕಿ ತಂಗಿ ಅಲ್ಲ. ಬಾಡಿಗಿದಾರಳು. ಬರ್ಕೊಳ್ರಿ. ಪ್ರತಿ ತಿಂಗಳು ಐದನೇ ತಾರೀಖಿಗೆ ಬಾಡಿಗಿ ಕೊಟ್ಟಾಳ, ಒಂದ ತಿಂಗಳು ತಪ್ಪಿಸಿಲ್ಲ. ಇಂಥಾ ಬಾಡಿಗಿದಾರಳು ಊರಾಗ ಸಿಗಂಗಿಲ್ಲ.

ಹುಲಗೆಮ್ಮ: ಕೇಳ್ಕೊಂಡ್ರಲ್ಲ ವಕೀಲ ಸಾಬ್ರ.

ವಕೀಲರು: ಕೇಳ್ಕೊಂಡೆ. ಅಂದ್ರ ಪಾಲಿಕಿಗೆ ಸುಳ್ಳು ಬರ್ದುಕೊಟ್ಟೀರಿ. ಅದನ್ನ ತಿದ್ದಿಸಿ ಮೂರು ವರ್ಷದ ಟ್ಯಾಕ್ಸು, ದಂಡ ಕಟ್ರಿ. ಆಮ್ಯಾಲ ಕರಾರು, ರಸೀದಿ.

ನಾನು: ತಂಗೀನೂ ಅಲ್ಲ, ಬಾಡಿಗಿದಾರಳೂ ಅಲ್ಲ ಅನ್ನಾಕ ಬರಂಗಿಲ್ಲೇನು?

ವಕೀಲರು: ಬರ್ತದ. ಏನೂ ಆಗದ ಹೆಣ್ಮಗಳನ್ನ ಐದು ವರ್ಷ ಹಿಂದಿನ ಮನ್ಯಾಗ ಯಾಕ ಇಟ್ಕೊಂಡಿದ್ರಿ ಅಂತ ಜಡ್ಜ್ ಸಾಹೇಬ್ರು ಕೇಳ್ತಾರ. ಉತ್ತರ ಬಾಯಿಪಾಠ ಮಾಡ್ಕೊಂಡು ಬರ್ರಿ.

ಲಲಿತಾ: ಮೊದ್ಲು ನನ್ನ ಮುಂದ ಒಪ್ಪಿಸ್ಲಿ.

ಸೌಟು ಎಡಗೈಯಿಂದ ಬಲಗೈಗೆ ಬಂತು. ನಾನು ಎದ್ದು ಹೋಗಿ ವಾಲ್ವು ತಿರುಗಿಸಿ ಬಂದೆ.

ಬರುವಷ್ಟರಲ್ಲಿ ನೋಟಿಸಿಗೆಂದು ತಂದಿದ್ದ ಹಾಳೆಯ ಮೇಲೆ ವಕೀಲರು ಬಾಡಿಗೆ ಕರಾರಿನ ಕರಡು ಬರೆದಿದ್ದರು. ಹುಲಗೆಮ್ಮ ಎರಡು ಸಲ ಓದಿಸಿದಳು. ಜಾಣ ಗಿರಾಕಿ ಪಾತ್ರೆ ಮಗುಚಿ ಬುಡದ ಛಾಪು ನೋಡುವ ಹಾಗೆ ಹಾಳೆಯ ಹಿಂದುಗಡೆಯನ್ನೂ ನೋಡಿದಳು. ಅಲ್ಲೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಸಹಿ ಹಾಕಿದಳು. ನಾನೂ ಹಾಕಿದೆ.

ನಾನು: ಆತಲ್ಲ. ಇಲ್ಲಿಗೆ ತಂಗಿ ಮುಗೀತು.

ಹುಲಗೆಮ್ಮ: ಮುಗೀತು ಅಣ್ಣಾ.

ನಾನು: ಮತ್ತ ಅಣ್ಣಾ ಯಾಕ?

ಹುಲಗೆಮ್ಮ: ಇವತ್ತಿನ ಲೆಕ್ಕಕ್ಕಲ್ರಿ, ಹಿಂದಿನ ಬಾಕಿಗೆ. ಮೂರು ವರ್ಷ ತಂಗಿ ಅಂತ ಸರ್ಕಾರಕ್ಕ ತೋರಿಸೀರಿ. ಮೂರು ನಾಗರ ಪಂಚಮಿ ಬಂದು ಹೋದ್ವು. ತವರಿನ ಸೀರಿ ಎಲ್ಲಿ?

ಲಲಿತಾ: ಸೀರಿ ಬಿಡು, ಒಂದು ಪಂಚಮಿ ಉಂಡಿ ಸುದ್ದಾ ಕೊಟ್ಟಿಲ್ಲ. ನಾ ಸಾಕ್ಷಿ ಹೇಳ್ತೀನಿ.

ನಾನು: ವಕೀಲ್ರ, ಬಾಡಿಗಿ ಕಾಯ್ದೆದಾಗ ಸೀರಿ ಅದ ಏನ್ರಿ?

ವಕೀಲರು: ಇಲ್ಲ. ಆದ್ರ ಕಾಯ್ದೆ ಕೋರ್ಟಿನ್ಯಾಗ ಅದ ಸಾವ್ಕಾರ್ರ, ನೀವು ಇರೋದು ಮನ್ಯಾಗ.

ಹುಲಗೆಮ್ಮನ ರೊಟ್ಟಿ ಅವತ್ತು ಹತ್ತರ ಬಸ್ಸು ತಪ್ಪಿ ಹನ್ನೊಂದರ ಬಸ್ಸಿಗೆ ಹೋಯಿತು. ಈಗ ಪ್ರತಿ ಐದನೇ ತಾರೀಖು ಅವಳಿಗೆ ರಸೀದಿ ಬರೆದುಕೊಡುತ್ತೇನೆ. ಪಂಚಮಿಯ ಆ ಮೂರು ಸೀರೆ ಹುಲಗೆಮ್ಮನಿಗೆ ಕೊಡುವುದು ಇನ್ನೂ ಬಾಕಿ ಇದೆ.