ರತ್ನಗಂಬಳಿಯಿಲ್ಲದ ಊರಿನಲ್ಲಿ ವ್ಯಾಕ್ಯೂಮ್ ಕ್ಲೀನರ್

ಹವ್ಯಾಸಗಳಲ್ಲಿ ಎರಡು ಜಾತಿ: ಹೇಳಿಕೊಳ್ಳಬಹುದಾದವು, ಹೇಳಿಕೊಳ್ಳಲಾಗದವು. ಅಂಚೆಚೀಟಿ ಕೂಡಿಡುವುದನ್ನು, ಹಕ್ಕಿ ನೋಡಲು ಹೋಗುವುದನ್ನು ಮದುವೆಮನೆಯ ಪಂಕ್ತಿಯಲ್ಲಿ ಕೂತು ಧಾರಾಳವಾಗಿ ಹೇಳಬಹುದು. ಇಸ್ಪೀಟನ್ನು ಸಹ ಸ್ವಲ್ಪ ದನಿ ತಗ್ಗಿಸಿದರೆ ಹೇಳಬಹುದು. ಆದರೆ "ನನಗೆ ಹಳೇ ಕಾಲದ ವ್ಯಾಕ್ಯೂಮ್ ಕ್ಲೀನರ್ ಅಂದರೆ ಪ್ರಾಣ" ಎಂದು ಹೇಳಿ ನೋಡಿ. ಪಕ್ಕದವರು "ನಿಮಗೆ ಪಾಯಸ ಬಂತಾ?" ಎಂದು ಕೇಳಿ ಆ ಕಡೆ ತಿರುಗಿಬಿಡುತ್ತಾರೆ. ನಾನು ಒಮ್ಮೆ ಹೇಳಿ ಅನುಭವಿಸಿದವನು. ಆಮೇಲಿನ ಊಟವನ್ನು ಒಬ್ಬನೇ ಮಾಡಿದೆ. ಪಂಕ್ತಿಯಲ್ಲಿ ಇನ್ನೂರು ಜನ ಇದ್ದರು ಅನ್ನುವುದು ಬೇರೆ ಮಾತು.

ನನ್ನ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ. ವಯಸ್ಸು ಐವತ್ತಮೂರು, ಮದುವೆಯಾಗಿಲ್ಲ. ಹೊಳೆನರಸೀಪುರದಲ್ಲಿ ಸರ್ಕಾರಿ ಕಚೇರಿಯೊಂದರ ದಾಖಲೆ ಕೊಠಡಿ ನೋಡಿಕೊಳ್ಳುತ್ತೇನೆ. ಅಂದರೆ ಹಗಲೆಲ್ಲ ಧೂಳಿನ ಜೊತೆಗೇ ನನ್ನ ಸಂಸಾರ. ತೆಂಗಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಕೆಳಗೆ ಅವರ ಹೆಂಡತಿ ಸರ್ವಮಂಗಳಮ್ಮನವರ ಮನೆಯಲ್ಲಿ ಸದಾ ಮಾತು, ನಗು, ಕುಕ್ಕರಿನ ಕೂಗು. ಮೇಲೆ ನನ್ನ ಮನೆಯಲ್ಲಿ ಗಡಿಯಾರ. ಅದಕ್ಕೂ ಆಗಾಗ ಸೆಲ್ ಮುಗಿದಿರುತ್ತದೆ.

ಎರಡು ವರ್ಷದ ಹಿಂದೆ ಹಾಸನದ ಗುಜರಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ, ಮುರಿದ ಸೈಕಲ್ಲುಗಳ ನಡುವೆ ಒಂದು ಯಂತ್ರ ನಿಂತಿತ್ತು. ಅಲ್ಲಿದ್ದ ಮಿಕ್ಕದ್ದೆಲ್ಲ ಬಿದ್ದಿತ್ತು, ಇದೊಂದೇ ನಿಂತಿತ್ತು. ಕೆಳಗೆ ಆಮೆಯ ಬೆನ್ನಿನಂಥ ಅಲ್ಯೂಮಿನಿಯಂ ಮುಚ್ಚಳ, ಅದರ ಮೂಗಿನ ಮೇಲೆ ಪುಟ್ಟ ದೀಪ, ಎದೆಯೆತ್ತರದ ಹಿಡಿ, ಹಿಡಿಗೆ ನೇತುಬಿದ್ದ ಬಟ್ಟೆಯ ಚೀಲ. ಯಾವುದೋ ಎಸ್ಟೇಟ್ ಬಂಗಲೆಯಿಂದ ಬಂದದ್ದಂತೆ. ಯಾರನ್ನೋ ಕಾಯುತ್ತ ನಿಂತು ಸಾಕಾದವರ ಹಾಗೆ ಕಂಡಿತು. ನನ್ನ ಪರಿಚಯದವರೇ ಯಾರೋ ಅನ್ನಿಸಿ ಮನೆಗೆ ಕರೆತಂದೆ.

ಇದರ ಕೆಲಸ ಬಹಳ ಸರಳ. ಮುಚ್ಚಳದ ಕೆಳಗೆ ಮೋಟಾರು, ಮೋಟಾರಿನ ದಂಡಕ್ಕೆ ಒಂದು ಫ್ಯಾನು. ಫ್ಯಾನು ಗಾಳಿಯನ್ನು ಒಳಕ್ಕೆಳೆದು ಹಿಂದಿನ ಚೀಲಕ್ಕೆ ತಳ್ಳುತ್ತದೆ. ಗಾಳಿ ಬಟ್ಟೆಯ ಸಂದಿಯಲ್ಲಿ ಸೋಸಿ ಹೊರಗೆ ಹೋಗುತ್ತದೆ, ಧೂಳು ಒಳಗೇ ಉಳಿಯುತ್ತದೆ. ಅದೇ ದಂಡದಿಂದ ಒಂದು ರಬ್ಬರ್ ಬೆಲ್ಟು ಮೂತಿಯಲ್ಲಿರುವ ಉರುಟು ಬ್ರಷ್ಷನ್ನು ತಿರುಗಿಸುತ್ತದೆ. ಬ್ರಷ್ಷು ಗಂಬಳಿಯನ್ನು ತಟ್ಟಿ ಧೂಳೆಬ್ಬಿಸುತ್ತದೆ, ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಸ್ವಿಚ್ ಒತ್ತಿದ ಕೂಡಲೇ, ಜೋತುಬಿದ್ದ ಚೀಲ ಉಬ್ಬಿ ಎದ್ದು ನಿಲ್ಲುತ್ತದಲ್ಲ, ಅದನ್ನು ನೋಡಬೇಕು. ಮಲಗಿದ್ದವರು ಯಾರೋ "ಏನಪ್ಪ, ಬಂದ್ಯಾ?" ಎಂದು ಎದ್ದ ಹಾಗಿರುತ್ತದೆ.

ತೊಂದರೆ ಏನೆಂದರೆ, ಇದು ರತ್ನಗಂಬಳಿಗಾಗಿ ಹುಟ್ಟಿದ ಯಂತ್ರ. ನನ್ನ ಮನೆಯದು ರೆಡ್ ಆಕ್ಸೈಡ್ ನೆಲ. ಜಮಖಾನ ಹಾಸಿ ನೋಡಿದೆ; ಅದರ ಅಂಚನ್ನು ನುಂಗಿ ಬ್ರಷ್ಷಿಗೆ ಸುತ್ತಿಕೊಂಡಿತು. ಬೆಲ್ಟು ಕಳಚಿ ಜಮಖಾನ ಬಿಡಿಸಿ, ಬೆಲ್ಟನ್ನು ನಾನೇ ಮತ್ತೆ ಹಾಕಿದೆ. ಕೊನೆಗೆ ಹಾಸನದಿಂದ ದಪ್ಪನೆಯ ರತ್ನಗಂಬಳಿಯನ್ನೇ ತಂದೆ. ಕಸಕ್ಕಾಗಿ ಯಂತ್ರ ಕೊಳ್ಳುವವರಿದ್ದಾರೆ, ಯಂತ್ರಕ್ಕಾಗಿ ಗಂಬಳಿ ಕೊಂಡವನು ನಾನು. ಆಮೇಲೆ ಕಂಡ ಕೊರತೆ ಕಸದ್ದೇ. ತುಳಿಯುವವರೇ ಇಲ್ಲದ ಗಂಬಳಿಗೆ ಕಸ ಎಲ್ಲಿಂದ ಬರಬೇಕು? ಭಾನುವಾರ ನಾನೇ ಅದರ ಮೇಲೆ ಹತ್ತು ಸುತ್ತು ತಿರುಗಿ, ಆಮೇಲೆ ಯಂತ್ರ ಓಡಿಸುತ್ತಿದ್ದೆ.

ಹೀಗಿರುವಾಗ ಒಂದು ದಿನ ಬೆಲ್ಟು ಕಿತ್ತುಹೋಯಿತು. ಚನ್ನರಾಯಪಟ್ಟಣದಲ್ಲಿ ಮೋಟಾರು ರಿವೈಂಡಿಂಗ್ ಮಾಡುವವರೊಬ್ಬರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬಗ್ಗಿ ನೋಡಿ, "ಮೋಟ್ರು ಗಟ್ಮುಟ್ಟಾಗೈತೆ ಸಾ. ಬೆಲ್ಟು ನನ್ ಕೈಲಾಗಾಕಿಲ್ಲ. ಅರಕಲಗೂಡಲ್ಲಿ ಜಯಮ್ಮ ಅಂತ ಟೈಲರಮ್ಮ ಅವ್ರೆ, ಇಂಥವೇ ನಾಕು ಮಡಗವ್ರೆ. ಅಲ್ಲಿಗೋಗಿ" ಎಂದರು. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಹೊಟ್ಟೆಯುರಿ. ಜಿಲ್ಲೆಗೆ ನಾನೊಬ್ಬನೇ ಹುಚ್ಚ ಎಂದು ಎರಡು ವರ್ಷ ಒಳಗೊಳಗೇ ಬೀಗಿದ್ದೆ. ಅಲ್ಲಿ ನಾಲ್ಕಂತೆ!

ಮುಂದಿನ ಭಾನುವಾರ ಅರಕಲಗೂಡಿನ ಬಸ್ಸು ಹತ್ತಿದೆ. ಕಂಡಕ್ಟರು "ಏನ್ ಸಾ, ಕಳೆ ಹೊಡಿಯೋ ಮಿಷನ್ನಾ?" ಎಂದ. ಹೌದು ಎಂದೆ. ಪಕ್ಕದ ಸೀಟಿನ ಅಜ್ಜಿ ಅದರ ಚೀಲ ಮುಟ್ಟಿ ನೋಡಿ, "ಮುಸುಕಿನ ಜೋಳಕ್ಕೂ ಆಯ್ತದಾ?" ಎಂದು ಕೇಳಿತು. ಅದಕ್ಕೂ ಹೌದು ಎಂದೆ. ಯಾರಾದರೂ ಮಾತಾಡಿಸಿದರೆ ಇಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಜಯಮ್ಮನವರಿಗೆ ನನ್ನದೇ ವಯಸ್ಸಿರಬಹುದು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ಯಂತ್ರವನ್ನು ಮಗುಚಿ ಹಾಕಿದರು. ಬ್ರಷ್ಷಿನ ಕೂದಲ ಮೇಲೆ ಬೆರಳಾಡಿಸಿ, "ಯಾವಾಗಿಂದ ಇಂಗೆ ಓಡಿಸ್ತಿದ್ದೀರಿ?" ಎಂದರು.

"ಎರಡು ವರ್ಷದಿಂದ."

"ಎರಡು ವರ್ಸದಿಂದ್ಲೂ ಉಲ್ಟಾ ತಿರುಗೈತೆ ಕಣ್ ಸಾ ಇದು, ಕೂದ್ಲೆಲ್ಲಾ ಹಿಂದಕ್ಕೆ ಬಾಗವೆ. ಬೆಲ್ಟನ್ನ ತಿರುಚಿ ಹಾಕ್ಬೇಕು. ನೀವು ಆ ಕಡೆಗೆ ತಿರುಚೋ ಬದಲು ಈ ಕಡೆಗೆ ತಿರುಚಿದ್ದೀರಿ. ಕಸನ ಒಳಕ್ಕೆ ಎಳ್ಕೊಳೋ ಬದಲು ಮುಂದಕ್ಕೆ ಎರಚೈತೆ. ಗೊತ್ತೇ ಆಗ್ನಿಲ್ವಾ?"

ಕಂಡಿತ್ತು, ಅರ್ಥವಾಗಿರಲಿಲ್ಲ. ಪ್ರತಿ ಭಾನುವಾರ ಗಂಬಳಿಯಾಚೆ ಧೂಳಿನದೊಂದು ಗೆರೆ ಬಿದ್ದಿರುತ್ತಿತ್ತು. "ಎಷ್ಟು ಕಸ ತೆಗೀತು ನೋಡು" ಎಂದು ಹೆಮ್ಮೆಪಟ್ಟು ಅದನ್ನು ಪೊರಕೆಯಿಂದ ಗುಡಿಸುತ್ತಿದ್ದೆ. ಇದನ್ನು ಹೇಳಿದಾಗ ಜಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂತು. ನನ್ನ ನಗುವಿನ ಸದ್ದು ನನಗೇ ಹೊಸದಾಗಿ ಕೇಳಿಸಿತು.

ಆಮೇಲೆ ಪೇಪರು ಹಾಸಿ ಚೀಲ ಕೊಡವಿದರು. ಒಂದಿಷ್ಟು ಬೂದಿ ಬಣ್ಣದ ಧೂಳು, ಗಂಬಳಿಯ ನಾರು, ನಾಲ್ಕೈದು ನರೆಗೂದಲು ಬಿದ್ದವು. ಅಷ್ಟೇ. ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಅದನ್ನು ನೋಡಿ, "ಮನೇಲಿ ನೀವೊಬ್ರೇನಾ?" ಎಂದರು.

"ಹೌದು."

"ಯಾರೂ ಬರಾಕಿಲ್ವಾ?"

"ಬರ್ತಾರೆ, ಬರ್ತಾರೆ."

"ಬಂದ್ರೂ ಕೂತ್ಕಳಾಕಿಲ್ಲ ಅನ್ಸತ್ತೆ" ಎಂದು ಪೇಪರು ಮಡಿಸಿದರು. ನನ್ನ ಜಾತಕ ಬರೆದ ಜೋಯಿಸರೂ ನನ್ನನ್ನು ಇಷ್ಟು ಸರಿಯಾಗಿ ಓದಿರಲಿಲ್ಲ.

ಹಳೇ ಟೈರಿನ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಹೊಸ ಬೆಲ್ಟು ಹಾಕಿಕೊಟ್ಟು, ಒಳಮನೆಗೆ ಕರೆದುಕೊಂಡು ಹೋದರು. ಗೋಡೆಗೆ ಸಾಲಾಗಿ ನಾಲ್ಕು ಯಂತ್ರ ನಿಂತಿದ್ದವು. ಮೊದಲನೆಯದು ಗೊರೂರಿನ ಅಣೆಕಟ್ಟೆಯ ಕ್ವಾರ್ಟರ್ಸ್ ಖಾಲಿ ಮಾಡಿದವರು ಕೊಟ್ಟದ್ದಂತೆ. "ಅಂಗಡಿ ದಾರ ಗುಡಿಸೋಕೆ ಅಂತ ತಂದೆ. ಬಿಚ್ಚಿ ನೋಡ್ದೆ, ಆಸೆ ಹತ್ಬುಡ್ತು. ಈಗಿನವು ಒಳಗೇನೈತೆ ಅಂತ ತೋರ್ಸಾಕಿಲ್ಲ. ಇವಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು, ಇರೋದೆಲ್ಲಾ ಹೇಳ್ಬುಡ್ತವೆ. ಒಂದೊಂದಕ್ಕೂ ಒಂದೊಂದು ಗಂಟ್ಲು ಸಾ. ಕಣ್ಮುಚ್ಕೊಂಡ್ರೂ ಇಂಥದ್ದೇ ಅಂತ ಹೇಳ್ತೀನಿ." ಒಂದೊಂದಾಗಿ ಸ್ವಿಚ್ ಹಾಕಿದರು. ಒಂದು ಅಕ್ಕಿ ಗಿರಣಿಯ ಹಾಗೆ ಗುಡುಗಿತು, ಇನ್ನೊಂದು ಅತ್ತೆಯ ಹಾಗೆ ಗೊಣಗಿತು. ನಾಲ್ಕೂ ಚೀಲ ಎದ್ದು ನಿಂತವು, ನಾಲ್ಕೂ ದೀಪ ಹತ್ತಿದವು. ಮಾತಾಡಿದರೆ ಕೇಳಿಸುವಂತಿರಲಿಲ್ಲ. ಇಬ್ಬರೂ ಸುಮ್ಮನೆ ನಿಂತಿದ್ದೆವು. ಸುಮ್ಮನಿರುವುದರಲ್ಲಿ ನಾನು ಬಹಳ ನುರಿತವನು, ಆದರೆ ಜೊತೆಗೊಬ್ಬರಿದ್ದು ಸುಮ್ಮನಿದ್ದು ಅಭ್ಯಾಸವಿರಲಿಲ್ಲ.

ಹೊರಡುವಾಗ ಅವರು "ನಿಮ್ಮ ರತ್ನಗಂಬಳಿ ನೋಡ್ಬೇಕಲ್ಲ" ಎಂದರು. ಬಾಯಿಮಾತಿಗೆ ಅಂದಿರಬಹುದು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು, "ಮುಂದಿನ ಭಾನುವಾರ ಬನ್ನಿ" ಎಂದುಬಿಟ್ಟೆ.

ನಿಜವಾಗಿಯೂ ಬಂದರು, ಅಕ್ಕನನ್ನೂ ಕರೆತಂದರು. ನಾನು ಕಡ್ಲೆಪುರಿ ಒಗ್ಗರಣೆ ಹಾಕಿ, ಕಾಫಿ ಮಾಡಿಟ್ಟಿದ್ದೆ. ಇಬ್ಬರೂ ಗಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಜಯಮ್ಮನ ಅಕ್ಕ ಕೈ ಬೀಸದೆ ಮಾತಾಡುವವರಲ್ಲ. ಬೀಗರ ಮನೆಯ ಕತೆಯೊಂದನ್ನು ಅವರು ಹೇಳಿ ಮುಗಿಸುವಷ್ಟರಲ್ಲಿ ಪುರಿ ನಾಲ್ಕು ದಿಕ್ಕಿಗೂ ಚೆಲ್ಲಿತ್ತು. ಜಯಮ್ಮ ನನ್ನ ಯಂತ್ರವನ್ನು ಒಂದು ನಿಮಿಷ ಓಡಿಸಿ, ಕಿವಿಗೊಟ್ಟು ಕೇಳಿ, "ಈಗ ಸರ್ಯಾಗೈತೆ, ಇನ್ನೇನೂ ಆಗಾಕಿಲ್ಲ" ಎಂದರು. ನನಗೆ ಆ ಮಾತು ಅಷ್ಟು ಹಿಡಿಸಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೊರಟರು.

ಅವರನ್ನು ಬಸ್ಸು ಹತ್ತಿಸಿ ವಾಪಸು ಬಂದು ನೋಡುತ್ತೇನೆ, ಗಂಬಳಿಯ ತುಂಬ ಕಡ್ಲೆಪುರಿ, ಕಡ್ಲೆಕಾಯಿ ಸಿಪ್ಪೆ, ಇಬ್ಬರು ಕೂತೆದ್ದ ಗುರುತು. ಯಂತ್ರ ಎರಡು ವರ್ಷದಿಂದ ಕನಸು ಕಂಡದ್ದೆಲ್ಲ ಅಲ್ಲಿತ್ತು. ಪ್ಲಗ್ ಚುಚ್ಚಿದೆ. ಸ್ವಿಚ್ ಮೇಲೆ ಬೆರಳಿಟ್ಟೆ. ನಾಳೆ ಗುಡಿಸಿದರಾಯಿತು ಎಂದು ಪ್ಲಗ್ ತೆಗೆದೆ. ಸೋಮವಾರವೂ ಹಾಗೇ ಅನ್ನಿಸಿತು. ಮಂಗಳವಾರ ಇರುವೆ ಬಂದವು.

ಬುಧವಾರ ಬೆಳಿಗ್ಗೆ ನೀರಿನ ಮೋಟಾರಿನ ವಿಷಯ ಹೇಳಲು ಸರ್ವಮಂಗಳಮ್ಮ ಮೇಲೆ ಬಂದರು. ಕಿಟಕಿಯಿಂದ ಗಂಬಳಿಯವರೆಗೆ ಸಾಲುಗಟ್ಟಿದ್ದ ಇರುವೆಗಳನ್ನು ನೋಡಿದರು. ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತಿದ್ದ ನನ್ನನ್ನು ನೋಡಿದರು.

"ಏನ್ ಸಾ, ಇಷ್ಟ್ ದೊಡ್ಡ ಮಿಷನ್ ಇಟ್ಕೊಂಡು ಇರುವೆ ಸಾಕ್ತಾ ಇದ್ದೀರಾ?"

"ಕೆಟ್ಟೋಗಿದೆ" ಎಂದೆ.

"ಅಯ್ಯೋ, ಹೇಳ್ಬಾರ್ದಾ?" ಎಂದು ಕೆಳಗಿಂದ ಪೊರಕೆ ತಂದು, ನಾನು ಬೇಡಬೇಡವೆನ್ನುತ್ತಿರುವಾಗಲೇ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಗುಡಿಸಿ, ಗಂಬಳಿಯನ್ನು ಮಹಡಿಯ ಕಟ್ಟೆಗೆ ಬಡಿದು, ಹಾಸಿಕೊಟ್ಟು ಹೋದರು. ಪುಣ್ಯಾತಗಿತ್ತಿ. ಥ್ಯಾಂಕ್ಸ್ ಹೇಳಿದೆ, ಹೇಳಲೇಬೇಕಲ್ಲ. ಅವರು ಮೆಟ್ಟಿಲಿಳಿದ ಮೇಲೆ ಬಗ್ಗಿ ಹುಡುಕಿದೆ. ಕುರ್ಚಿಯ ಕಾಲಿನ ಹಿಂದೆ ಒಂದೇ ಒಂದು ಪುರಿ ಉಳಿದಿತ್ತು. ಮೂರು ದಿನದ್ದು, ಮೆತ್ತಗಾಗಿತ್ತು. ತಿಂದೆ.