ನನ್ನನ್ನು ಗಂಡನ ಕೊಲೆಗಾರ್ತಿ ಮಾಡಿದ ಕಥೆಗಾರರಿಗೆ

ಪೆನ್ನಿಕಟ್ ಬಂದರು, ಮ್ಯಾಸಚೂಸೆಟ್ಸ್
ಮಾರ್ಚ್, ೧೮೫೧

ಮಾನವ ಹೃದಯದ ಕತ್ತಲೆಯನ್ನು ದೀಪವಿಲ್ಲದೆಯೇ ಕಾಣಬಲ್ಲ ಮಾನ್ಯ ಲೆಮ್ಯುಯೆಲ್ ಥ್ಯಾಕ್ಸ್ಟರ್ ಅವರ ಸನ್ನಿಧಿಗೆ, ತಾವು ಮೊನ್ನೆಮೊನ್ನೆಯವರೆಗೆ ಬಾಡಿಗೆಗಿದ್ದ ಮನೆಯ ಒಡತಿ, ವಿಧವೆ ಮೆಹಿಟಬಲ್ ಕ್ರೋವೆಲ್ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

ಮನುಷ್ಯ ಹುಟ್ಟುವುದೇ ಪಾಪ ಮಾಡುವುದಕ್ಕೆ, ಬದುಕುವುದು ಅದನ್ನು ಬಚ್ಚಿಟ್ಟು ಕೊರಗುವುದಕ್ಕೆ ಎಂದು ತಾವು ಊಟದ ಮೇಜಿನಲ್ಲಿ ಅಪ್ಪಣೆ ಕೊಡಿಸುತ್ತಿದ್ದಾಗಲೆಲ್ಲ, ಅಷ್ಟು ನಿರಾಶೆಯ ನಡುವೆಯೂ ಸೇಬಿನ ಪೈ ಮೇಲೆ ತಮಗಿದ್ದ ಭರವಸೆ ಮಾತ್ರ ಕುಂದದಿರುವುದನ್ನು ಕಂಡು ನಾನು ಧನ್ಯಳಾಗುತ್ತಿದ್ದೆ. ಆದರೆ ಕಳೆದ ಶರತ್ಕಾಲದ ಮಾಸಪತ್ರಿಕೆಯಲ್ಲಿ ತಮ್ಮ ಕಥೆ ಬಂತು. ಅದರಲ್ಲಿ ಬಂದರಿನ ಒಬ್ಬ ನಗುಮುಖದ ವಿಧವೆ, ಗದ್ದದ ಮೇಲೆ ನನ್ನದೇ ಮಚ್ಚೆ ಇಟ್ಟುಕೊಂಡು, ಗಂಡನನ್ನು ಕಟ್ಟೆಯಿಂದ ಕಡಲಿಗೆ ತಳ್ಳಿದ್ದಳು. ನನ್ನ ಗಂಡ ನೇಥನ್ ಬಿರುಗಾಳಿಗೆ ಸಿಕ್ಕಿ ದೋಣಿಯ ಸಮೇತ ಮುಳುಗಿದ್ದನ್ನು ಕಣ್ಣಾರೆ ಕಂಡ ಊರೇ, ಅಚ್ಚಾದದ್ದನ್ನು ಓದಿದ ಮೇಲೆ ತನ್ನ ಕಣ್ಣನ್ನು ನಂಬದಾಯಿತು. ಬಾಡಿಗೆದಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ನನ್ನನ್ನು ಮದುವೆಯಾಗಬೇಕಿದ್ದ, ಪೀಪಾಯಿ ಮಾಡುವ ಓಬೆಡ್ ಬಂದು ಹೊಸ್ತಿಲಲ್ಲೇ ನಿಂತ.

"ಬೇಜಾರು ಮಾಡ್ಕೋಬೇಡ ಮೆಹಿಟಬಲ್. ನೇಥನ್ ತಾನೇ ಮುಳುಗಿದ್ದು, ಅಲ್ವಾ?"

"ಇಲ್ಲ, ನಾನೇ ಮುಳುಗಿಸ್ದೆ. ಬಾ ಒಳಗೆ, ಪೈ ತಿನ್ನು."

ತಮಾಷೆ ತಿಳಿಯದ ಆ ಪ್ರಾಣಿ ಟೋಪಿ ಹಾಕಿಕೊಂಡು ಹೊರಟೇ ಹೋಯಿತು. ನಾನು ಮಹಡಿ ಹತ್ತಿ, ನನ್ನನ್ನೇಕೆ ಕೊಲೆಗಾರ್ತಿ ಮಾಡಿದಿರೆಂದು ತಮ್ಮನ್ನು ಕೇಳಿದ್ದು, ತಾವು ರೊಟ್ಟಿಗೆ ಬೆಣ್ಣೆ ಸವರುತ್ತಲೇ ಉತ್ತರಿಸಿದ್ದು ನೆನಪಿರಬೇಕು.

"ಅದು ನೀವಲ್ಲಮ್ಮಾ, ಇಡೀ ಮನುಷ್ಯಕುಲ."

"ಮನುಷ್ಯಕುಲದ ಗದ್ದದ ಮೇಲೆ ನನ್ನ ಮಚ್ಚೆ ಯಾಕ್ರೀ ಬಂತು?"

"ಅದು ಸಂಕೇತ."

ಜನವರಿಯ ಹಿಮದಲ್ಲಿ ದಾರಿ ಮುಚ್ಚಿ, ವೈದ್ಯರು ಬರಲಾಗದ ದಿನಗಳಲ್ಲೇ ತಮಗೆ ಜ್ವರ ಏರಿತು. ಸಾವನ್ನು ಪ್ರಿಯಸಖಿ ಎಂದು ಕಥೆಕಥೆಯಲ್ಲೂ ಕರೆದ ತಾವು, ಸಖಿ ಬಾಗಿಲು ತಟ್ಟಿದೊಡನೆ ನನ್ನ ಅಡುಗೆಯ ಏಪ್ರನ್ ಹಿಡಿದು, "ಅಮ್ಮಾ, ನಂಗೆ ಸಾಯೋಕೆ ಇಷ್ಟ ಇಲ್ಲ, ಬಿಟ್ಟು ಹೋಗ್ಬೇಡಿ" ಎಂದು ಮಗುವಿನಂತೆ ಅತ್ತಿರಿ. ತಲೆದಿಂಬು ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ತಮ್ಮ ಕಥೆಯನ್ನು ಸತ್ಯ ಮಾಡಿಬಿಡಲೇ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಅಳು ಕೇಳಿದ ಮೇಲೆ ಕೈ ಸೌಟಿನ ಕಡೆಗೇ ಹೋಯಿತು. ನನ್ನ ಮನೆಯ ಸೌದೆ ಮುಗಿದಿದ್ದೀತೆಂದು ಹಿಮ ತುಳಿದು ಬಂದ ಓಬೆಡ್, ನಾನು ತಮಗೆ ಕೋಳಿಸಾರು ಕುಡಿಸುವುದನ್ನು ಬಹಳ ಹೊತ್ತು ನೋಡಿದ.

"ಕೊಲ್ಲೋ ಹೆಂಗಸಾಗಿದ್ರೆ ನಿನಗೆ ಇದಕ್ಕಿಂತ ಒಳ್ಳೇ ಸಮಯ ಸಿಗ್ತಿತ್ತಾ? ಅದೂ ಇಂಥೋನು ಕೈಗೆ ಸಿಕ್ಕಾಗ!" ಎಂದು ಟೋಪಿ ತೆಗೆದ. "ನಾನು ಪೆದ್ದ, ಮೆಹಿಟಬಲ್."

"ಅದು ಗೊತ್ತಿರೋದೇ. ಸೌದೆ ಒಡಿ" ಎಂದೆ. ಚಳಿಗಾಲವೆಲ್ಲ ಒಡೆಸಿದ ಮೇಲೆಯೇ ಒಪ್ಪಿಕೊಂಡದ್ದು. ಬರುವ ಗುರುವಾರ ನಮ್ಮ ಮದುವೆ.

ಇಷ್ಟರಲ್ಲಿ, ಚೇತರಿಸಿಕೊಂಡು ಬಾಸ್ಟನ್ನಿಗೆ ಹೋದ ತಾವು ಬರೆದ ಹೊಸ ಕಥೆಯೂ ತಲುಪಿತು. ಅದರಲ್ಲಿ ವಿಧವೆ ರೋಗಿಗೆ ಪ್ರೀತಿಯಿಂದ ಸಾರು ಕುಡಿಸುತ್ತಾಳೆ, ಸಾರಿನಲ್ಲಿ ವಿಷವಿರುತ್ತದೆ. ತಮ್ಮ ಕೃತಜ್ಞತೆಗೆ ನಾನು ಚಿರಋಣಿ. ಮುಂದಿನ ಕಥೆಯಲ್ಲಿ ಒಬ್ಬರಿಗಾದರೂ ಊಟ ಮಾಡಿ ಪಶ್ಚಾತ್ತಾಪವಿಲ್ಲದೆ ಕೈತೊಳೆಯಲು ಅನುಮತಿ ನೀಡಬೇಕೆಂದೂ, ಸಾಧ್ಯವಾದರೆ ಒಂದು ಬೆಳಗ್ಗೆ ಸೂರ್ಯನನ್ನೂ ಹುಟ್ಟಗೊಡಬೇಕೆಂದೂ ಪ್ರಾರ್ಥಿಸುತ್ತೇನೆ. ಈ ವಿಷದ ಕಥೆಯನ್ನು, ಸಾರು ಕುಡಿಯುತ್ತಿದ್ದ ಓಬೆಡ್‌ಗೆ ನಾನೇ ಓದಿ ಹೇಳಿ, ಅವನ ಮುಖವನ್ನೇ ನೋಡುತ್ತ ಕುಳಿತೆ. ಅವನು ಬಟ್ಟಲು ಚಾಚಿ, "ಇನ್ನೊಂದು ಸೌಟು ವಿಷ ಹಾಕು" ಎಂದ.

ಯಾರನ್ನೂ ಕೊಲ್ಲದೆಯೇ ಸುಖವಾಗಿರುವ,
ತಮ್ಮ ವಿಶ್ವಾಸಿ,
ಮೆಹಿಟಬಲ್ ಕ್ರೋವೆಲ್

ಮರೆತ ಮಾತು: ತಾವು ಬಿಟ್ಟುಹೋದ ಕರಿ ನಿಲುವಂಗಿಯನ್ನು ಕಾಗೆಗಳನ್ನು ಬೆದರಿಸಲೆಂದು ಹಿತ್ತಲಲ್ಲಿ ಕೋಲಿಗೆ ತೊಡಿಸಿದ್ದೇನೆ. ಅವು ಹೆದರುವುದಿಲ್ಲ, ನೆಂಟರು ಬಂದಂತೆ ಹೆಗಲ ಮೇಲೆ ಬಂದು ಕೂರುತ್ತವೆ.