ಓಲ್ವಿನ್ ಲೋಬೋನ ಎರಡು ಹೊಗೆಕೊಳವೆಗಳು

ಹಳೆಯ ಕಾರು ಗುಜರಿಗೆ ಹೋದ ಮೇಲೆ ಜೋವಿಟಾ ಗಂಡನಿಗೆ ಹೇಳಿದ್ದು ಇಷ್ಟೇ: "ಯಾವುದಾದ್ರೂ ತನ್ನಿ, ನನ್ನ ತರಕಾರಿಗೆ ನಾಲ್ಕು ಚೀಲ ಗೊಬ್ಬರ ಹಿಡಿಸಿದ್ರೆ ಸಾಕು."

ಓಲ್ವಿನ್ ಲೋಬೋ ಶನಿವಾರ ಬೆಳಿಗ್ಗೆ ರೈಲು ಹತ್ತಿ ಪೆನ್ರಿತ್‌ಗೆ ಹೋದ. ಹತ್ತು ಗಂಟೆಗೆ ಸಿಡ್ನಿಯ ಟೂಂಗಾಬಿ ಬಡಾವಣೆಯ ತನ್ನ ಬೀದಿಗೆ ತಿರುಗುವಾಗ ಒಂದು ಕಪ್ಪು ಯೂಟಿನೊಳಗೆ ಕುಳಿತಿದ್ದ. ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ಪಿಗೆ ಅಲ್ಲಿಯವರು ಯೂಟ್ ಎನ್ನುತ್ತಾರೆ. ಅದರಲ್ಲಿ ನಾಲ್ಕಲ್ಲ, ಇಪ್ಪತ್ತು ಚೀಲ ಗೊಬ್ಬರ ಹಿಡಿಸುತ್ತಿತ್ತು. ತೊಂದರೆ ಅದಲ್ಲ. ಡ್ರೈವರ್ ಸೀಟಿನ ಹಿಂದೆ, ತೊಟ್ಟಿಯ ಎರಡು ಮೂಲೆಗಳಿಂದ, ಬೆಳ್ಳಿಯಂತೆ ಹೊಳೆಯುವ ಎರಡು ಕೊಳವೆಗಳು ನೆಟ್ಟಗೆ ಆಕಾಶಕ್ಕೆ ಎದ್ದಿದ್ದವು. ಭಾರೀ ಲಾರಿಗಳಿಗಿರುವಂಥ ಹೊಗೆಕೊಳವೆಗಳು. ಒಂದೊಂದೂ ಆಳೆತ್ತರ, ತುದಿಯಲ್ಲಿ ಹಿಂದಕ್ಕೆ ಬಾಗಿದ ಬಾಯಿ.

ಪೆನ್ರಿತ್‌ನಲ್ಲಿ ಅವನ್ನು ಮೊದಲು ಕಂಡಾಗ ಓಲ್ವಿನ್, ಚರ್ಚಿನ ಹಬ್ಬದ ಬಲಿಪೂಜೆಯಲ್ಲಿ ಎತ್ತರದ ಮೇಣದಬತ್ತಿಗಳನ್ನು ನೋಡುವ ಹುಡುಗನಂತೆ ಕತ್ತೆತ್ತಿ ನಿಂತುಬಿಟ್ಟಿದ್ದ. ಮಾರುವವನು ಕೀಲಿ ತಿರುಗಿಸಿದ. ಗಾಡಿ ಗುಡುಗಿತು; ಓಲ್ವಿನ್‌ನ ಎದೆಗೂಡು ಜೊತೆಗೆ ಗುಡುಗಿತು. ಎಷ್ಟು ಕಿಲೋಮೀಟರ್ ಓಡಿದೆ, ಟೈರು ಹೇಗಿದೆ ಎಂಬುದನ್ನೆಲ್ಲ ಕೇಳಬೇಕೆಂದು ಚೀಟಿ ಬರೆದುಕೊಂಡು ಹೋಗಿದ್ದ. ಚೀಟಿ ಜೇಬಿನಲ್ಲೇ ಉಳಿಯಿತು.

ಓಲ್ವಿನ್ ಸ್ವಭಾವತಃ ಸದ್ದಿಲ್ಲದ ಮನುಷ್ಯ. ಚಾಟ್ಸ್‌ವುಡ್‌ನ ಅವನ ಆಫೀಸಿನಲ್ಲಿ ಆಳು ಅಲ್ಲಾಡಿದರೆ ಉರಿಯುವ ದೀಪಗಳಿದ್ದವು. ಮೀಟಿಂಗ್ ರೂಮಿನಲ್ಲಿ ಅವನೊಬ್ಬನೇ ಕುಳಿತಿದ್ದರೆ, ಒಳಗೆ ಯಾರೂ ಇಲ್ಲವೆಂದು ಅವು ಆರಿಹೋಗುತ್ತಿದ್ದವು. ಅದೇ ಬೀದಿಯಲ್ಲಿ ಹನ್ನೊಂದು ವರ್ಷವಿದ್ದರೂ ಎದುರು ಮನೆಯ ವಿಜಯಾ ಅವರು ಅವನನ್ನು ಕೆಲವೊಮ್ಮೆ ಆಲ್ವಿನ್ ಎಂದೂ ಕೆಲವೊಮ್ಮೆ ಮೆಲ್ವಿನ್ ಎಂದೂ ಕರೆಯುತ್ತಿದ್ದರು. ಅವನು ಎರಡಕ್ಕೂ ಓಗೊಡುತ್ತಿದ್ದ.

ಈ ದಿನ ಮಾತ್ರ ಅವನು ಗಾಡಿ ನಿಲ್ಲಿಸುವ ಮೊದಲೇ ಬೀದಿಯ ಆರು ಬಾಗಿಲು ತೆರೆದವು.

ಜೋವಿಟಾ ಅಂಗಳಕ್ಕೆ ಬಂದು ಕೊಳವೆಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು. "ಇದ್ರಲ್ಲಿ ಗೊಬ್ಬರ ತರುದಾ, ಇದಕ್ಕೇ ಗೊಬ್ಬರ ಹಾಕುದಾ? ಇನ್ನೂ ಬೆಳೆಯುವ ಹಾಗೆ ಕಾಣ್ತದೆ," ಎಂದವಳೇ ಒಳಗೆ ಹೋದಳು.

ಪಕ್ಕದ ಮನೆಯ ಜಯೇಶ್ ನಾರ್ತ್ ಸಿಡ್ನಿಯ ಬ್ಯಾಂಕೊಂದರಲ್ಲಿ ರಿಸ್ಕ್ ಮ್ಯಾನೇಜರ್. ಅಪಾಯವನ್ನು ದೂರದಿಂದಲೇ ಗುರುತಿಸುವುದು ಅವನ ಕೆಲಸ.

"ಓಲ್ವಿನ್, ಇದು ಲಾರಿಗೆ ಹಾಕುದಲ್ವಾ? ಯೂಟಿಗೆ ಯಾಕೆ? ಲಾರಿಯ ಹೊಗೆ ಮೇಲೆ ಹೋಗ್ಬೇಕು, ಅದಕ್ಕೆ ಲಾಜಿಕ್ ಉಂಟು. ಇದಕ್ಕೆ ಎಂಥ ಲಾಜಿಕ್?" ಎಂದು ಕೇಳಿದ. ಕೇಳುತ್ತಲೇ ನಾಲ್ಕು ಕೋನಗಳಿಂದ ಫೋಟೋ ತೆಗೆದ. ಐದನೆಯದರಲ್ಲಿ ತಾನೂ ನಿಂತ.

ಅಷ್ಟರಲ್ಲಿ ಜಯೇಶನ ಮಾವ ಕೃಷ್ಣಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಅವರು ಉಡುಪಿಯಲ್ಲಿ ಮೋಟಾರು ವಾಹನ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಮಗಳು ನವ್ಯಾಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಎರಡು ತಿಂಗಳಲ್ಲಿ ಪರೀಕ್ಷಿಸಲು ಒಂದು ಗಾಡಿಯೂ ಸಿಗದೆ ಬಡವಾಗಿದ್ದರು. ಯೂಟಿಗೆ ಮೂರು ಸುತ್ತು ಬಂದು, ಕೊಳವೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಅದು ಗಂಟೆಯಂತೆ ನಾದ ಹೊರಡಿಸಿತು.

"ಎಂಥ ಪೈಪು ಮಾರಾಯ್ರೇ," ಎಂದು ಮೆಲ್ಲಗೆ ಹೇಳಿ, ಕೂಡಲೇ ಮುಖ ಬಿಗಿದುಕೊಂಡರು. "ಆರ್‌ಸಿ ಪುಸ್ತಕದಲ್ಲಿ ಇದನ್ನು ಬರ್ದುಂಟಾ?"

"ಇಲ್ಲಿ ಪುಸ್ತಕ ಇಲ್ಲ ಅಂಕಲ್. ಎಲ್ಲ ಆನ್‌ಲೈನ್."

"ಪುಸ್ತಕವೇ ಇಲ್ಲದೆ ಗಾಡಿ ಓಡಿಸ್ತಾರಾ?" ಕೃಷ್ಣಪ್ಪನವರು ಆ ದೇಶದ ಧೈರ್ಯಕ್ಕೆ ಒಂದು ಕ್ಷಣ ಬೆರಗಾದರು. "ಸ್ಟಾರ್ಟ್ ಮಾಡಿ, ಸೌಂಡ್ ನೋಡುವ."

ಓಲ್ವಿನ್ ಸ್ಟಾರ್ಟ್ ಮಾಡಿದ. ಜಯೇಶನ ಕಾರಿನ ಅಲಾರಂ ಹೊಡೆದುಕೊಂಡಿತು. ಮರದ ಮೇಲಿದ್ದ ಬಿಳಿ ಕೊಕಟೂ ಗಿಳಿಗಳು ಒಟ್ಟಿಗೆ ಹಾರಿಹೋದವು. ಜನ ಕೊಳವೆಗಳ ಬಾಯನ್ನೇ ನೋಡುತ್ತ ನಿಂತರು. ಅವುಗಳ ಮೇಲೆ ಆಕಾಶ ಬೂದು ಬಣ್ಣಕ್ಕೆ ತಿರುಗಿದಂತೆ ಎಲ್ಲರಿಗೂ ಕಂಡಿತು. ಕೃಷ್ಣಪ್ಪನವರು ಮೂರು ಸಲ ಕೆಮ್ಮಿದರು. ಓಲ್ವಿನ್ ಕೂಡ ಕನ್ನಡಿಯಲ್ಲಿ ಆ ಹೊಗೆಯನ್ನು ಕಣ್ಣಾರೆ ಕಂಡ. ಇಷ್ಟು ದೊಡ್ಡ ಕೆಲಸ ತನ್ನ ಹೆಬ್ಬೆರಳಿನಷ್ಟು ಕೀಲಿಯಿಂದ ಆಗುತ್ತಿದೆಯಲ್ಲ ಎಂದು ಅವನಿಗೆ ರೋಮಾಂಚನವಾಯಿತು.

ಆಗ ಎದುರು ಮನೆಯಿಂದ ವಿಜಯಾ, ಹೊರಗೆ ಒಣಹಾಕಿದ್ದ ಒಂದು ಬಿಳಿ ಬೆಡ್‌ಶೀಟನ್ನು ಎರಡು ಕೈಯಲ್ಲಿ ಹಿಡಿದು ಬಂದರು. ಬೆಡ್‌ಶೀಟಿನ ತುಂಬ ಕಪ್ಪು ಬೂದಿಯ ಚುಕ್ಕೆಗಳು.

"ಓಲ್ವಿನ್, ಇದೇನ್ರೀ ಇದು?"

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಸರಿಯಾದ ಹೆಸರು ಹೇಳಿದ್ದರು. ಓಲ್ವಿನ್‌ಗೆ ಬೈಗುಳ ತಡವಾಗಿ ಕೇಳಿಸಿತು.

"ಸಾಯಂಕಾಲ ಐದಕ್ಕೆ ನನ್ನ ಮಗಳು ಊರ್ಮಿಳಾನ ನೋಡೋಕೆ ಮೆಲ್ಬರ್ನ್‌ನಿಂದ ಗಂಡಿನ ಕಡೆಯವರು ಬರ್ತಿದಾರೆ. ರಾತ್ರಿ ಇಲ್ಲೇ ಉಳ್ಕೋತಾರೆ. ಹುಡುಗನ ತಾಯಿ ಚಂದ್ರಪ್ರಭಾ ಅವರು ವಿಡಿಯೋ ಕಾಲ್‌ನಲ್ಲೇ ನಮ್ಮನೆ ಕರ್ಟನ್ ಸರಿ ಇಲ್ಲ ಅಂದೋರು. ಈ ಶೀಟ್ ಮೇಲೆ ಅವರನ್ನ ಹೆಂಗೆ ಮಲಗಿಸ್ಲಿ ನಾನು?"

"ಸಾರಿ ಆಂಟಿ, ಗಾಡಿಯನ್ನು ಬೀದಿಯ ಆ ತುದಿಗೆ ತೆಗೆದುಕೊಂಡು ಹೋಗ್ತೇನೆ," ಎಂದ ಓಲ್ವಿನ್, ಗಾಬರಿಯಲ್ಲಿ ರಿವರ್ಸ್ ಹಾಕಿದ. ಬೀದಿಯ ಅಗಲ ಸಾಲದೆ ಯೂಟಿನ ಹಿಂಭಾಗ ವಿಜಯಾ ಅವರ ಡ್ರೈವ್‌ವೇಗೆ ನುಗ್ಗಿತು. ಅಲ್ಲಿ ಅತಿಥಿಗಳಿಗೆಂದು ಬೆಳಿಗ್ಗೆಯೇ ಕಟ್ಟಿದ್ದ ಮಾವಿನೆಲೆ ಮತ್ತು ಚೆಂಡು ಹೂವಿನ ತೋರಣವಿತ್ತು. ಮಾಮೂಲಿ ಗಾಡಿಯಾಗಿದ್ದರೆ ಅದರಡಿ ಆರಾಮವಾಗಿ ಹೋಗಿಬರುತ್ತಿತ್ತು. ಕೊಳವೆಗಳು ತೋರಣವನ್ನು ಕೊರಳಿಗೆ ಹಾಕಿಕೊಂಡೇ ಹೊರಟವು. ಹಿಂದೆ ಹೂವಿನ ಸರವನ್ನು ಎಳೆಯುತ್ತ ಯೂಟು ಗುಡುಗುತ್ತ ಬೀದಿಯಲ್ಲಿ ಸಾಗುವಾಗ, ಬೈಯಲು ಬಾಯಿ ತೆರೆದವರು ತೆರೆದ ಹಾಗೆಯೇ ನೋಡುತ್ತ ನಿಂತರು.

ಮಧ್ಯಾಹ್ನದ ಹೊತ್ತಿಗೆ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ತೀರ್ಪು ಬಂತು. ಯೂಟಿಗೆ ಲಾರಿಯ ಕೊಳವೆ ಸಲ್ಲದು, ಐದು ಗಂಟೆಯೊಳಗೆ ಕತ್ತರಿಸಿ ತೆಗೆಯತಕ್ಕದ್ದು. ಕರಡು ತಯಾರಿಸಿದವರು ಕೃಷ್ಣಪ್ಪನವರು. ತೀರ್ಪಿನ ಕೆಳಗೆ ಜಯೇಶ್ ತನ್ನ ಐದನೆಯ ಫೋಟೋ ಹಾಕಿದ್ದ.

ಪಕ್ಕದ ಬಡಾವಣೆ ಸೆವೆನ್ ಹಿಲ್ಸ್‌ನಲ್ಲಿ ಹುಬ್ಬಳ್ಳಿಯ ವಿರುಪಾಕ್ಷನ ಗ್ಯಾರೇಜು. ಸರದಿ ಬರುವಾಗ ನಾಲ್ಕೂವರೆ. ಓಲ್ವಿನ್ ಕಣ್ಣು ಬೇರೆ ಕಡೆ ತಿರುಗಿಸಿ, "ಎರಡನ್ನೂ ಕತ್ತರಿಸಿಬಿಡಿ ವಿರುಪಾಕ್ಷಣ್ಣ," ಎಂದ. ವಿರುಪಾಕ್ಷ ತೊಟ್ಟಿ ಹತ್ತಿ, ಕೆಳಗೆ ಬಗ್ಗಿ, ಮತ್ತೆ ಎದ್ದ.

"ಕತ್ತರಸೋದೇನೈತ್ರಿ ಇದ್ರಾಗ? ನಾಕು ಬೋಲ್ಟ್ ಬಿಚ್ಚಿದ್ರ ಬರ್ತಾವು. ಇವು ಬರೇ ಶೋಕ್ಕ ನಿಂತಾವ್ರಿ. ತಳಾನ ಮುಚ್ಚೈತಿ."

"ಹಾಗಾದ್ರೆ ಹೊಗೆ?"

"ಹೊಗಿ ಎಲ್ಲಾ ಗಾಡಿಗತೆ ಹಿಂದ ಸೈಲೆನ್ಸರ್‌ನಾಗಿಂದ ಹೋಗ್ತೈತಿ."

"ಸೌಂಡು?"

"ಸೈಲೆನ್ಸರ್ ತೂತ ಬಿದ್ದೈತಿ." ವಿರುಪಾಕ್ಷ ಕೊಳವೆಯ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಒಣಹುಲ್ಲು, ಕಡ್ಡಿ, ಚಿಪ್ಸ್ ಪ್ಯಾಕೆಟ್ಟಿನ ತುಂಡು ಹೊರಗೆಳೆದ. "ಮೈನಾ ಗೂಡ ಕಟ್ಟಿತ್ತು ನೋಡ್ರಿ. ಹೊಗಿ ಬರೋ ಕೊಳವ್ಯಾಗ ಹಕ್ಕಿ ಸಂಸಾರ ಮಾಡ್ತೈತೇನ್ರಿ?"

"ಆದ್ರೆ ಬೆಡ್‌ಶೀಟಿನ ಮೇಲೆ ಬೂದಿ ಬಿತ್ತಲ್ಲ. ಎಲ್ಲರೂ ನೋಡಿದ್ದಾರೆ."

ವಿರುಪಾಕ್ಷ ತನ್ನ ಮೇಜಿನ ಮೇಲೆ ಬೆರಳೆಳೆದು ತೋರಿಸಿದ. ಅದೇ ಕಪ್ಪು ಬೂದಿ. "ಬ್ಲೂ ಮೌಂಟನ್ಸ್ ಬೆಟ್ಟದಾಗ ಫೈರ್‌ನವ್ರು ಕಾಡಿನ ತರಗು ಸುಡಾಕತ್ಯಾರ್ರಿ, ಬ್ಯಾಸಗ್ಯಾಗ ಬೆಂಕಿ ಹತ್ತಬಾರ್ದಂತ. ಬೆಳಗಿಂದ ರೇಡಿಯೋದಾಗ ಅದನ್ನ ಹೇಳಾಕತ್ಯಾರ. ಇಡೀ ವೆಸ್ಟರ್ನ್ ಸಿಡ್ನಿಗೆ ಬಿದ್ದೈತಿ."

ಓಲ್ವಿನ್ ಆ ಕೊಳವೆಗಳನ್ನು ಬಹಳ ಹೊತ್ತು ನೋಡಿದ. ಅವು ಬೆಳಿಗ್ಗೆಯಷ್ಟೇ ಎತ್ತರವಾಗಿದ್ದವು. ಒಳಗೆ ಏನೂ ಇಲ್ಲದೆಯೂ ಒಂದು ಬೀದಿಯನ್ನು ಕೆಮ್ಮಿಸಿದ್ದವಲ್ಲ ಎಂದು ಅವನ ಗೌರವ ಒಂದು ತೂಕ ಹೆಚ್ಚೇ ಆಯಿತು. "ಬಿಚ್ಚುದು ಬೇಡ," ಎಂದ. ಅಪವಾದ ಸುಳ್ಳಾಗಿತ್ತು. ಬೀದಿಗೆ ಹೋಗಿ ಎಲ್ಲರೆದುರು ನಿಂತು, ಕೊಳವೆಗೆ ಕೈ ಹಾಕಿಸಿ, ಸತ್ಯ ತೋರಿಸುವುದೆಂದು ನಿರ್ಧರಿಸಿದ. ಆಡಬೇಕಾದ ನಾಲ್ಕು ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ಬೀದಿ ಮುಟ್ಟುವಾಗ ಐದೂಕಾಲು. ಅಲ್ಲಿ ಚಳಿಗಾಲಕ್ಕೆ ಕಾಲಿಡುವ ಮೇ ತಿಂಗಳ ಸೂರ್ಯ ಆಗಲೇ ಇಳಿದಿದ್ದ. ಮೆಲ್ಬರ್ನ್‌ನವರು ಬಂದಾಗಿತ್ತು. ಗುಡುಗು ಕೇಳಿ ಇಡೀ ಪಟಾಲಂ ಹೊರಗೆ ಬಂತು. ಮುಂದೆ ವಿಜಯಾ, ಮುಖದಲ್ಲಿ ರಕ್ತವಿಲ್ಲ. ಪಕ್ಕದಲ್ಲಿ ದಪ್ಪ ಜರಿಯ ಸೀರೆಯಲ್ಲಿ ಚಂದ್ರಪ್ರಭಾ. ಅವರು ಬಂದ ಹದಿನೈದು ನಿಮಿಷದಲ್ಲಿ ಸಿಡ್ನಿಯ ಕಾಫಿ ಮೆಲ್ಬರ್ನ್ ಕಾಫಿಯಂತಲ್ಲ, ರಸ್ತೆ ಮೆಲ್ಬರ್ನ್ ರಸ್ತೆಯಂತಲ್ಲ, ಗಾಳಿಯೂ ಹಾಗಿಲ್ಲ ಎಂದು ಹೇಳಿ ಮುಗಿಸಿದ್ದರು.

ಚಂದ್ರಪ್ರಭಾ ಯೂಟನ್ನು ನೋಡಿದರು. ಕತ್ತೆತ್ತಿ ಕೊಳವೆಗಳನ್ನು ನೋಡಿದರು. ಮಾತು ನಿಂತಿತು.

"ಇದು... ಯಾರದ್ದು?"

ವಿಜಯಾ ಕಣ್ಣು ಮುಚ್ಚಿಕೊಂಡರು. ಓಲ್ವಿನ್ ಇಳಿದು ಗಂಟಲು ಸರಿಮಾಡಿಕೊಂಡ. "ನನ್ನದು ಆಂಟಿ. ಈ ಕೊಳವೆಗಳ ಬಗ್ಗೆ ಒಂದು ಮಾತು ಹೇಳ್ಲಿಕ್ಕುಂಟು—"

"ಮೆಲ್ಬರ್ನ್‌ನಲ್ಲಿ ಇಪ್ಪತ್ತು ವರ್ಷದಿಂದ ಇದೀನಿ," ಎಂದರು ಚಂದ್ರಪ್ರಭಾ, ದೇವರ ಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ಇಂಥದ್ದು ನೋಡಿಲ್ಲ."

ವಿಜಯಾ ಕಣ್ಣು ತೆರೆದರು. "ನಮ್ಮ ಓಲ್ವಿನ್ದು," ಎಂದರು. "ನಮ್ಮ ಬೀದಿಲಿ ಎಲ್ರಿಗೂ ಇವರು ಅಂದ್ರೆ ಬಹಳ ಬೇಕು."

"ಮದುವೆ ದಿನ ನಮ್ಮ ಹುಡುಗ ಇದರ ಮೇಲೆ ನಿಂತ್ಕೊಂಡು ಹಾಲ್‌ಗೆ ಬರ್ಬೇಕು. ಎರಡೂ ಕಡೆ ಹೊಗೆ ಏಳ್ತಿರ್ಬೇಕು. ಹೊಗೆ ಬರುತ್ತೆ ತಾನೆ?"

"ಬರ್ತದಾ ಅಂತ ಕೇಳ್ತೀರಾ?" ಎಂದರು ಕೃಷ್ಣಪ್ಪನವರು. "ಬೆಳಿಗ್ಗೆಯಿಂದ ನಾನೇ ಕುಡಿದಿದ್ದೇನೆ. ನಲವತ್ತು ವರ್ಷದ ಸರ್ವಿಸಿನಲ್ಲಿ ಅಂಥ ಹೊಗೆ ಕಂಡಿಲ್ಲ." ಜಯೇಶ್ ಫೋಟೋ ತೋರಿಸಿದ. ಮದುವೆ ಎಂಬ ಮಾತು ಚಂದ್ರಪ್ರಭಾ ಅವರ ಬಾಯಿಂದ ಅದೇ ಮೊದಲು ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಊರ್ಮಿಳಾ ಮತ್ತು ಹುಡುಗ ಒಬ್ಬರನ್ನೊಬ್ಬರು ನೋಡಿ ನಕ್ಕರು. ಓಲ್ವಿನ್ ಬಾಯಿಪಾಠ ಮಾಡಿದ್ದ ನಾಲ್ಕು ಮಾತಿನಲ್ಲಿ ಮೂರನ್ನು ಮರೆತ.

"ಒಂದ್ಸಲ ತೋರಿಸಿಬಿಡಿ ಓಲ್ವಿನ್," ಎಂದರು ವಿಜಯಾ. ದನಿ ಬೇಡುವಂತಿತ್ತು.

ಓಲ್ವಿನ್ ಮತ್ತೆ ಹತ್ತಿ ಕುಳಿತು ಆಕ್ಸಿಲರೇಟರ್ ಒತ್ತಿದ. ತೂತು ಬಿದ್ದ ಸೈಲೆನ್ಸರ್ ತನ್ನ ಶಕ್ತಿಮೀರಿ ಗರ್ಜಿಸಿತು. ಬೆಟ್ಟದಿಂದ ಇಳಿದು ಬಂದಿದ್ದ ಹೊಗೆ ಸಂಜೆಯ ತಣ್ಣನೆಯ ಗಾಳಿಯಲ್ಲಿ ಬೀದಿಯ ಮೇಲೆ ಮಂಜಿನಂತೆ ತೂಗುತ್ತಿತ್ತು. ಬೀದಿದೀಪ ಹತ್ತಿದ್ದೇ ಅದು ಕೊಳವೆಗಳ ತುದಿಯಲ್ಲಿ ಬಂಗಾರದಂತೆ ಸುಳಿಯಿತು. "ಬಂತು, ಬಂತು," ಎಂದಿತು ಬೀದಿ. ಕೃಷ್ಣಪ್ಪನವರು ಸಂತೋಷದಿಂದ ಕೆಮ್ಮಿದರು. ಚಂದ್ರಪ್ರಭಾ ಕೈ ಜೋಡಿಸಿದ್ದರು. ನಿಜ ಗೊತ್ತಿದ್ದ ಓಲ್ವಿನ್‌ಗೂ ಕನ್ನಡಿಯಲ್ಲಿ ನೋಡುವಾಗ ಮೈ ಜುಮ್ಮೆಂದಿತು.

ಹತ್ತೇ ನಿಮಿಷದಲ್ಲಿ ಎಲ್ಲ ನಿಶ್ಚಯವಾಯಿತು. ಮದುವೆ ನವೆಂಬರ್‌ನಲ್ಲಿ. ಮೆಲ್ಬರ್ನ್‌ನಿಂದ ಇನ್ನೂರು ಜನ. ಹೊಗೆ ಇವತ್ತಿನದಕ್ಕಿಂತ ದಟ್ಟವಾಗಿರಬೇಕು, ಬೆಡ್‌ಶೀಟಿನ ಚಿಂತೆ ಬೇಡ ಎಂದು ವಿಜಯಾ ಖುದ್ದು ಹೇಳಿದರು. ಮೇಲ್ವಿಚಾರಣೆಗೆ ಕೃಷ್ಣಪ್ಪನವರು ವೀಸಾ ಮುಂದುವರಿಸಲು ಒಪ್ಪಿದರು.

ಓಲ್ವಿನ್ ಮನೆಗೆ ಬಂದು ರೇಡಿಯೋ ಹಾಕಿದ. ಬೆಟ್ಟದಲ್ಲಿ ಸುಡುವ ಕೆಲಸ ಮುಗಿದಿದೆ, ನಾಳೆಯಿಂದ ಆಕಾಶ ಶುಭ್ರ ಎಂದರು. ಅವನು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದ.

"ವಿರುಪಾಕ್ಷಣ್ಣ, ಸೋಮವಾರ ಗಾಡಿ ತರ್ತೇನೆ. ನಿಜವಾಗಿ ಹೊಗೆ ಬರುವ ಕೊಳವೆ ಕೂರಿಸ್ಲಿಕ್ಕೆ ಆಗ್ತದಾ?"

"ಆಗ್ತೈತ್ರಿ," ಎಂದ ವಿರುಪಾಕ್ಷ. "ಆದ್ರ ಓಣ್ಯಾವ್ರು ಬೈಯಂಗಿಲ್ಲೇನ್ರಿ?"

"ಬೈಯುದೆಲ್ಲ ಇವತ್ತೇ ಬೈದು ಮುಗಿಸಿದ್ದಾರೆ ಮಾರಾಯ್ರೇ," ಎಂದ ಓಲ್ವಿನ್. "ಈಗ ಹೊಗೆಯೊಂದೇ ಬಾಕಿ."